ಚಿಮ್ನಿ ಕೊಳ್ಳುವ ಮೊದಲು ಪೈಪಿನ ದಾರಿ ನೋಡಿ

ಓದುಗರ ಪ್ರಶ್ನೆ, ತಿಳಿದವರ ಉತ್ತರ

ಅಡುಗೆಮನೆಯ ಚಿಮ್ನಿ ಬಗ್ಗೆ ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆ 12 ಅಡಿ ಉದ್ದ, 9 ಅಡಿ ಅಗಲ, 10 ಅಡಿ ಎತ್ತರ. ಮುರಕಲ್ಲಿನ ಗೋಡೆ, ಇನ್ನೂ ಸಾರಣೆ ಆಗಿಲ್ಲ. ಮೂರು ಬರ್ನರಿನ ಸ್ಟವ್. ಹಪ್ಪಳ, ಸೋಂಟೆ, ಬಾಳೆಕಾಯಿ ಚಿಪ್ಸ್ ಅಂತ ನಮ್ಮಲ್ಲಿ ಎಣ್ಣೆಯ ಕೆಲಸ ಸ್ವಲ್ಪ ಜಾಸ್ತಿ. ಒಂದು ಅಂಗಡಿಯವರು 90 ಸೆಂ.ಮೀ. ಅಗಲದ, 1500 ಸಕ್ಷನ್‌ನ ಚಿಮ್ನಿಯೇ ಆಗಬೇಕು ಅನ್ನುತ್ತಾರೆ. ಇನ್ನೊಂದು ಅಂಗಡಿಯವರು 60 ಸೆಂ.ಮೀ., 1000 ಸಕ್ಷನ್ ಸಾಕು ಅನ್ನುತ್ತಾರೆ. ಯಾರ ಮಾತು ಕೇಳುವುದು?
— ಓದುಗರು, ಬದಿಯಡ್ಕ

ಉತ್ತರ: ಇಬ್ಬರೂ ನಿಮ್ಮ ಗೋಡೆ ನೋಡದೆ ಹೇಳಿದ ಮಾತು ಅದು. ಚಿಮ್ನಿ ಎಷ್ಟು ಹೊಗೆ ಎಳೆಯುತ್ತದೆ ಅನ್ನುವುದನ್ನು ಪೆಟ್ಟಿಗೆಯ ಮೇಲಿನ ಅಂಕಿಗಿಂತ ಹೆಚ್ಚಾಗಿ ಪೈಪಿನ ಅಗಲ, ಉದ್ದ, ತಿರುವು ತೀರ್ಮಾನಿಸುತ್ತವೆ. ಸಾರಣೆ ಆಗುವ ಮೊದಲೇ ಕೇಳಿದ್ದೀರಿ, ಬಹಳ ಒಳ್ಳೆಯದಾಯಿತು. ಈಗ ಸರಿಯಾಗಿ ಒಂದು ತೂತು ಬಿಟ್ಟರೆ ಮುಂದೆ ಯಾವ ಕಂಪೆನಿಯ ಚಿಮ್ನಿ ತಂದರೂ ಕೆಲಸ ಮಾಡುತ್ತದೆ.

ಮೊದಲು ಅಂಕಿಯ ವಿಷಯ. ಸಕ್ಷನ್ 1200 ಅಂದರೆ ಗಂಟೆಗೆ 1200 ಘನ ಮೀಟರ್ ಗಾಳಿ. ನಿಮ್ಮ ಅಡುಗೆಮನೆ 1080 ಘನ ಅಡಿ; 35.3ರಿಂದ ಭಾಗಿಸಿದರೆ 30.6 ಘನ ಮೀಟರ್. ಮನೆಯ ಅಡುಗೆಮನೆಯಲ್ಲಿ ಗಂಟೆಗೆ 12ರಿಂದ 15 ಸಲ ಗಾಳಿ ಬದಲಾಗಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹಾಗಾದರೆ ನಿಮಗೆ ಬೇಕಾದ್ದು ಗಂಟೆಗೆ 370ರಿಂದ 460 ಘನ ಮೀಟರ್, ಅಷ್ಟೇ. ಮತ್ತೆ 1000, 1500 ಎಲ್ಲಿಂದ ಬಂತು? ಪೆಟ್ಟಿಗೆಯ ಮೇಲಿನ ಅಂಕಿ ಸಾಮಾನ್ಯವಾಗಿ ಎದುರಿಗೆ ಯಾವ ತಡೆಯೂ ಇಲ್ಲದಾಗ ಸಿಗುವ ಗರಿಷ್ಠ. ಫಿಲ್ಟರ್, ಪೈಪ್, ತಿರುವು, ಹೊರಗಿನ ಮುಚ್ಚಳ ಎಲ್ಲ ಸೇರಿದ ಮೇಲೆ ಅದು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅರ್ಧಕ್ಕೆ ಇಳಿದರೂ 1000–1200ರ ಯಂತ್ರ ನಿಮ್ಮ ಮನೆಗೆ ಸಾಕಾಗುತ್ತದೆ. 1500ರದ್ದು ತಂದು ಕಿರಿದಾದ ಪೈಪಿಗೆ ಜೋಡಿಸಿದರೆ ಸದ್ದು ಮಾತ್ರ ಹೆಚ್ಚು.

ಪೈಪ್ 6 ಇಂಚಿನದ್ದೇ ಇರಲಿ. ಇದರಲ್ಲಿ ರಾಜಿ ಬೇಡ. 6 ಇಂಚಿನ ಪೈಪಿನ ಬಾಯಿ 28 ಚದರ ಇಂಚು, 4 ಇಂಚಿನದ್ದು ಹನ್ನೆರಡೂವರೆ ಮಾತ್ರ. ಅದೇ ಗಾಳಿ ಕಿರಿದಾದ ಪೈಪಿನಲ್ಲಿ ಹೋಗಬೇಕಾದರೆ ಎರಡು ಪಟ್ಟಿಗಿಂತ ಹೆಚ್ಚು ವೇಗ ಬೇಕು; ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಹಳೆಯ ಮನೆಗಳಲ್ಲಿ 4 ಇಂಚಿನ ತೂತು ಇದೆ ಅಂತ ರೆಡ್ಯೂಸರ್ ಹಾಕಿ ಕೂರಿಸಿ ಹೋಗುವುದುಂಟು. ಒಳ್ಳೆಯ ಚಿಮ್ನಿಗೂ ಕೆಟ್ಟ ಹೆಸರು ಬರುವುದು ಹಾಗೆ.

ತೂತು ಎಲ್ಲಿ? ನೆಲದಿಂದ 7 ಅಡಿಗೆ ಲಿಂಟಲ್ ಬರುತ್ತದೆ, ದಪ್ಪ 6 ಇಂಚು ಅಂತ ಇಟ್ಟುಕೊಳ್ಳಿ. ಅದರೊಳಗೆ ಕಬ್ಬಿಣದ ಸರಳಿದೆ, ಅದನ್ನು ಕೊರೆಯಬಾರದು. ತೂತಿನ ನಡುಬಿಂದು ನೆಲದಿಂದ ಎಂಟೂಕಾಲು ಅಡಿಗೆ, ಸ್ಟವ್ ಇಡುವ ಜಾಗದ ನೇರಕ್ಕೆ ಬರಲಿ. 6 ಇಂಚಿನ ಪಿವಿಸಿ ಪೈಪಿನ ಹೊರ ಅಳತೆ 160 ಮಿ.ಮೀ., ಆದ್ದರಿಂದ ತೂತು 7 ಇಂಚು ಇರಬೇಕು. ಒಂದು ತುಂಡು ಪೈಪನ್ನು ಈಗಲೇ ಗೋಡೆಯಲ್ಲಿ ಕೂರಿಸಿ ಸುತ್ತ ಗಾರೆ ತುಂಬಿಸಿ. ಪೈಪ್ ಹೊರಗಡೆಗೆ ಅರ್ಧ ಇಂಚಾದರೂ ತಗ್ಗಿರಲಿ, ಒಳಗೆ ತಣಿದ ಹಬೆಯ ನೀರು ಹಿಂದಕ್ಕೆ ಚಿಮ್ನಿಯೊಳಕ್ಕೆ ಬಾರದೆ ಹೊರಗೆ ಹೋಗುತ್ತದೆ. ಹೀಗೆ ಮಾಡಿದರೆ ಚಿಮ್ನಿಯ ನೆತ್ತಿಯಿಂದ ಒಂದಡಿ ಮೇಲಕ್ಕೆ, ಒಂದು ತಿರುವು, ಗೋಡೆಯಾಚೆ. ಎರಡನೆಯ ತಿರುವು ಬಂದರೆ ಸಹಿಸಿಕೊಳ್ಳಬಹುದು, ಮೂರನೆಯದು ಬೇಡವೇ ಬೇಡ.

ಮುರಕಲ್ಲಿನ ಗೋಡೆಗೆ ಇನ್ನೊಂದು ಎಚ್ಚರಿಕೆ. ಇದು ರಂಧ್ರ ರಂಧ್ರವಾದ, ಒಂದೊಂದು ಕಡೆ ಮೆತ್ತಗಿರುವ ಕಲ್ಲು. ಹ್ಯಾಮರ್ ಡ್ರಿಲ್ ಹಿಡಿದರೆ ತೂತು ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ, ಪ್ಲಾಸ್ಟಿಕ್ ಪ್ಲಗ್ಗು ಸಡಿಲವಾಗಿ ನಿಲ್ಲುತ್ತದೆ. ಇಡೀ ಚಿಮ್ನಿಯ ಭಾರ ಎರಡು ಮೂರು ಸ್ಕ್ರೂಗಳ ಮೇಲೆ. ನಿಮ್ಮ ಗೋಡೆ ಇನ್ನೂ ಬೆತ್ತಲೆ ಇರುವುದರಿಂದ, ಬ್ರಾಕೆಟ್ ಬರುವ ಜಾಗದಲ್ಲಿ ಒಂದೆರಡು ಕಲ್ಲು ತೆಗೆಸಿ ಅಲ್ಲಿ ಕಾಂಕ್ರೀಟ್ ತುಂಬಿಸಿ. ಸಾರಣೆ ಆಗಿಹೋದ ಮನೆಯವರು ಹ್ಯಾಮರ್ ನಿಲ್ಲಿಸಿ ಬರೀ ತಿರುಗುವ ಡ್ರಿಲ್‌ನಿಂದ ಕೊರೆಯಿಸಿ, ಉದ್ದದ ಸ್ಕ್ರೂ ಮತ್ತು ಕೆಮಿಕಲ್ ಆಂಕರ್ (ತೂತಿನಲ್ಲಿ ತುಂಬಿದ ಅಂಟು ಗಟ್ಟಿಯಾಗಿ ಹಿಡಿದುಕೊಳ್ಳುವ ಬಗೆಯದ್ದು) ಹಾಕಿಸಬೇಕು.

ಇನ್ನು ಅಗಲ. ಚಿಮ್ನಿ ಸ್ಟವ್‌ನಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಅಗಲ ಇರಬೇಕು. ಹೊಗೆ ಮೇಲೇರುತ್ತ ಅಗಲವಾಗುತ್ತದೆ, ಅಂಚಿನ ಬರ್ನರಿನ ಹೊಗೆ ಪಕ್ಕದಿಂದ ಜಾರಿಹೋಗುತ್ತದೆ. ಸ್ಟವ್ ಅಳೆಯಿರಿ. ಮೂರು ಬರ್ನರಿನದ್ದಕ್ಕೆ 75 ಸೆಂ.ಮೀ. ಸಿಕ್ಕಿದರೆ ಅದು, ಸಿಗದಿದ್ದರೆ 90. ಎರಡು ಬರ್ನರಿಗೆ 60 ಸಾಕು. ಆದರೆ ಅಗಲದಷ್ಟೇ ಮುಖ್ಯವಾದ ಇನ್ನೊಂದು ಅಳತೆಯನ್ನು ಯಾರೂ ಕೇಳುವುದಿಲ್ಲ: ಗೋಡೆಯಿಂದ ಮುಂದಕ್ಕೆ ಎಷ್ಟು ಚಾಚುತ್ತದೆ? 48–50 ಸೆಂ.ಮೀ. ಆದರೂ ಬೇಕು. ಗೋಡೆಗೆ ಓರೆಯಾಗಿ ನಿಲ್ಲುವ ತೆಳ್ಳಗಿನ ಮಾದರಿಗಳು ನೋಡಲು ಚಂದ. ಬಾಣಲೆಯ ಮುಂದಿನ ಅರ್ಧದಿಂದ ಏಳುವ ಹೊಗೆ ಅವುಗಳ ಕೈಗೆ ಸಿಗುವುದು ಕಷ್ಟ. ಎಣ್ಣೆಯಲ್ಲಿ ಕರಿಯುವ ಮನೆಗೆ ಅವನ್ನು ನಾವು ಶಿಫಾರಸು ಮಾಡುವುದಿಲ್ಲ.

ಎತ್ತರವನ್ನು ಕಟ್ಟೆಯಿಂದಲ್ಲ, ಸ್ಟವ್‌ನ ಮೇಲೆ ಪಾತ್ರೆ ಕೂರುವ ಕಡ್ಡಿಗಳಿಂದ ಅಳೆಯಬೇಕು. ಅಲ್ಲಿಂದ ಚಿಮ್ನಿಯ ಅಡಿಗೆ 65ರಿಂದ 75 ಸೆಂ.ಮೀ.; ನಿಮ್ಮ ಚಿಮ್ನಿಯ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ತೀರಾ ತಗ್ಗಾದರೆ ಬಿಸಿಗೆ ಲೈಟು, ವಯರು ಹಾಳು. ಎತ್ತರವಾದರೆ ಹೊಗೆ ಚದುರುತ್ತದೆ. ಕಟ್ಟೆ 85, ಸ್ಟವ್ 12, ನಡುವೆ 68 ಅಂದರೆ ಚಿಮ್ನಿಯ ಅಂಚು ನೆಲದಿಂದ 165 ಸೆಂ.ಮೀ.ಗೆ ಬರುತ್ತದೆ. ಇಡ್ಲಿಯ ತೊಂದೂರನ್ನು ಇಟ್ಟು ಮುಚ್ಚಳ ತೆಗೆದು ನೋಡಿ, ಅಡುಗೆ ಮಾಡುವವರು ಬಗ್ಗಿ ಏಳುವಾಗ ಹಣೆಗೆ ಬಡಿಯುತ್ತದೆಯೇ ಅಂತಲೂ ನೋಡಿ, ಆಮೇಲೆ ಗುರುತು ಹಾಕಿಸಿ.

ಪ್ರಶ್ನೆ: ಬ್ಯಾಫಲ್ ಫಿಲ್ಟರ್, ಮೆಶ್ ಫಿಲ್ಟರ್, ಫಿಲ್ಟರೇ ಇಲ್ಲದ್ದು, ಆಟೋ ಕ್ಲೀನ್... ತಲೆ ಕೆಟ್ಟುಹೋಗಿದೆ. ನಾವು ಮೀನು ಹುರಿಯುವವರು, ತೆಂಗಿನೆಣ್ಣೆ ಬಳಸುತ್ತೇವೆ. ಮನೆಯಿಂದ ಸಮುದ್ರಕ್ಕೆ ಹೆಚ್ಚು ದೂರವಿಲ್ಲ.
— ಓದುಗರು, ಕುಂಬಳೆ

ಉತ್ತರ: ಮೆಶ್ ಅಂದರೆ ಅಲ್ಯೂಮಿನಿಯಂ ಜಾಳಿಗೆಯ ಪದರಗಳು. ಎಣ್ಣೆ ಅದರ ಕಣ್ಣುಗಳಲ್ಲೇ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ವಾರಕ್ಕೊಮ್ಮೆ ತೊಳೆಯದಿದ್ದರೆ ಗಾಳಿಯ ದಾರಿ ಮುಚ್ಚುತ್ತದೆ. ನಮ್ಮ ಅಡುಗೆಗೆ ಇದು ಬೇಡ. ಬ್ಯಾಫಲ್‌ನಲ್ಲಿ ಬಾಗಿದ ಸ್ಟೀಲ್ ಪಟ್ಟಿಗಳು ಎದುರು ಬದುರಾಗಿರುತ್ತವೆ. ಹೊಗೆ ಥಟ್ಟನೆ ತಿರುಗಿ ಹೋಗುತ್ತದೆ, ಭಾರವಾದ ಎಣ್ಣೆಯ ಹನಿಗೆ ತಿರುಗಲಾಗದೆ ಪಟ್ಟಿಗೆ ಬಡಿದು ಕೆಳಗಿನ ತಟ್ಟೆಗೆ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ, ಎಣ್ಣೆ ಕಡಿಮೆ ಬಳಸುವ ಮನೆಯಲ್ಲಿ ತಿಂಗಳಿಗೊಮ್ಮೆ ತೊಳೆದರಾಯಿತು.

ಫಿಲ್ಟರ್ ಇಲ್ಲದ್ದರಲ್ಲಿ ತಡೆ ಕಡಿಮೆ, ಎಳೆತ ಚೆನ್ನಾಗಿರುತ್ತದೆ. ಆದರೆ ಎಣ್ಣೆ ಬೇರ್ಪಡುವುದು ಗಾಳಿ ಎಳೆಯಲು ತಿರುಗುವ ಫ್ಯಾನಿನೊಳಗೇ, ಅಂದರೆ ಬ್ಲೋವರಿನೊಳಗೇ. ಬ್ಲೋವರಿಗೆ ಅಂಟಿದ್ದನ್ನು ಇಳಿಸಲು ಆಟೋ ಕ್ಲೀನ್: ಗುಂಡಿ ಒತ್ತಿದರೆ ಒಳಗಿನ ಹೀಟರ್ ಕಾದು, ಜಿಡ್ಡು ಕರಗಿ ಎಣ್ಣೆಯ ಕಪ್ಪಿಗೆ ಬೀಳುತ್ತದೆ. ಇದು ನಿಜವಾಗಿ ಉಪಯೋಗದ ಸಂಗತಿ. ಆದರೆ ಇದರಿಂದ ಪೈಪ್ ಶುಚಿಯಾಗುವುದಿಲ್ಲ, ಹೊರಗಿನ ಮುಚ್ಚಳ ಶುಚಿಯಾಗುವುದಿಲ್ಲ, ತುಂಬಿದ ಕಪ್ ತಾನಾಗಿ ಖಾಲಿಯಾಗುವುದೂ ಇಲ್ಲ.

ಇಲ್ಲಿ ಎಣ್ಣೆಯ ಸ್ವಭಾವ ಲೆಕ್ಕಕ್ಕೆ ಬರುತ್ತದೆ. ಸೂರ್ಯಕಾಂತಿ ಎಣ್ಣೆಯ ತೆಳು ಪದರ ಬಿಸಿಗೂ ಗಾಳಿಗೂ ಒಡ್ಡಿಕೊಂಡರೆ ಕ್ರಮೇಣ ಗಟ್ಟಿಯಾಗಿ ಹಳದಿ ಅಂಟಾಗುತ್ತದೆ. ಒಮ್ಮೆ ಹಾಗಾದರೆ ಬಿಸಿ ಮಾಡಿದರೂ ಕರಗುವುದಿಲ್ಲ. ತೆಂಗಿನೆಣ್ಣೆ ಅಷ್ಟು ಸುಲಭವಾಗಿ ಅಂಟಾಗುವುದಿಲ್ಲ, ಆದರೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಬಿಸಿಯಾದರೆ ಮತ್ತೆ ನೀರಾಗುತ್ತದೆ. ಆದ್ದರಿಂದ ತೆಂಗಿನೆಣ್ಣೆಯ ಮನೆಗೆ ಹೀಟರ್ ಇರುವ ಆಟೋ ಕ್ಲೀನ್ ಚೆನ್ನಾಗಿ ಹೊಂದುತ್ತದೆ. ಹೀಟರ್ ಬದಲು ನೀರು ಚಿಮ್ಮಿಸಿ ತೊಳೆಯುವ ಮಾದರಿಗಳೂ ಇವೆ. ಡಿಸೆಂಬರ್–ಜನವರಿಯ ಬೆಳಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ತಣ್ಣೀರಿಗೆ ಇಳಿದೀತು ಅಂತ ನಂಬಬೇಡಿ.

ನಮ್ಮ ಅಭಿಪ್ರಾಯ ಕೇಳಿದರೆ, ನಿಮಗೆ ಬ್ಯಾಫಲ್ ಫಿಲ್ಟರ್ ಮತ್ತು ಹೀಟರ್ ಆಟೋ ಕ್ಲೀನ್ ಎರಡೂ ಇರುವುದು ಒಳ್ಳೆಯದು. ಬ್ಯಾಫಲ್ ಮುಂಚೆಯೇ ಎಣ್ಣೆ ಹಿಡಿದರೆ ಬ್ಲೋವರಿಗೆ ಹೋಗುವುದು ಕಡಿಮೆ. ತೊಳೆಯಲು ಕುದಿಯುವಷ್ಟು ಬಿಸಿನೀರು, ಪಾತ್ರೆಯ ಸೋಪು, ಒಂದು ಹಿಡಿ ವಾಷಿಂಗ್ ಸೋಡಾ, ಇಪ್ಪತ್ತು ನಿಮಿಷ ನೆನೆಸಿ ಬ್ರಷ್‌ನಿಂದ ಉಜ್ಜಿದರೆ ಸಾಕು. ಸೋಡಾ ಸ್ಟೀಲಿಗೆ ಮಾತ್ರ. ಅಲ್ಯೂಮಿನಿಯಂ ಜಾಳಿಗೆ ಇದ್ದರೆ ಅದು ಕಪ್ಪಾಗುತ್ತದೆ. ಕಾಸ್ಟಿಕ್ ಸೋಡಾ ಹಾಕಿದರಂತೂ ಅಲ್ಯೂಮಿನಿಯಂ ಕರಗಿಯೇ ಹೋಗುತ್ತದೆ.

ಸಮುದ್ರದ ಉಪ್ಪುಗಾಳಿಗೆ ಪೇಂಟ್ ಹಚ್ಚಿದ ತಗಡು ಅಂಚಿನಿಂದ ಗುಳ್ಳೆ ಏಳುತ್ತದೆ. ಸ್ಟೀಲ್ ಅಂದರೂ ಎಲ್ಲ ಒಂದೇ ಅಲ್ಲ. ಅಂಗಡಿಗೆ ಹೋಗುವಾಗ ಒಂದು ಸಣ್ಣ ಆಯಸ್ಕಾಂತ ಕೊಂಡುಹೋಗಿ: 304 ದರ್ಜೆಯ ಸ್ಟೀಲಿಗೆ ಅದು ಅಂಟುವುದಿಲ್ಲ (ಬಗ್ಗಿಸಿದ ಅಂಚಿನಲ್ಲಿ ಸ್ವಲ್ಪ ಎಳೆಯಬಹುದು), 430 ದರ್ಜೆಗೆ ಗಟ್ಟಿಯಾಗಿ ಅಂಟುತ್ತದೆ. ಕರಾವಳಿಗೆ 304 ಉತ್ತಮ. ಹೊರಗಿನ ಮುಚ್ಚಳ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂನದ್ದು ಇರಲಿ.

ಪ್ರಶ್ನೆ: ನಮ್ಮಲ್ಲಿ ಗ್ಯಾಸಿನ ಅಡುಗೆಮನೆ ಬೇರೆ, ಅದಕ್ಕೆ ತಾಗಿ ಸೌದೆ ಒಲೆಯ ವರ್ಕ್ ಏರಿಯಾ ಬೇರೆ. ಗ್ಯಾಸಿನ ಕಡೆ ಚಿಮ್ನಿ ಹಾಕಿಸಿದ ಮೇಲೆ ಸೌದೆ ಒಲೆಯ ಹೊಗೆ ಮನೆಯೊಳಕ್ಕೇ ಬರಲು ಶುರುವಾಗಿದೆ, ಮೊದಲು ಹೀಗಿರಲಿಲ್ಲ. ಒಲೆಯ ಮೇಲೂ ಒಂದು ಚಿಮ್ನಿ ಹಾಕಿಸಿಬಿಡೋಣವೇ?
— ಓದುಗರು, ಮುಳ್ಳೇರಿಯ

ಉತ್ತರ: ದಯವಿಟ್ಟು ಹಾಕಿಸಬೇಡಿ. ಕರೆಂಟಿನ ಚಿಮ್ನಿ ಗ್ಯಾಸ್ ಮತ್ತು ಇಂಡಕ್ಷನ್ ಸ್ಟವ್‌ಗಳಿಗಾಗಿ ಮಾಡಿದ್ದು. ಮಡಲು, ಗೆರಟೆ, ತೆಂಗಿನ ಸಿಪ್ಪೆ ಉರಿಯುವಾಗ ಕಿಡಿ ಮೇಲಕ್ಕೆ ಹಾರುತ್ತದೆ. ಫಿಲ್ಟರಿನ ಎಣ್ಣೆಗೆ ಒಂದು ಕಿಡಿ ತಾಗಿದರೆ, ಫ್ಯಾನೇ ಗಾಳಿ ಊದಿ ಬೆಂಕಿಯನ್ನು ಪೈಪಿನುದ್ದಕ್ಕೂ ಒಯ್ಯುತ್ತದೆ. ಸೌದೆಯ ಹೊಗೆಯಲ್ಲಿರುವ ಟಾರು ಬ್ಲೋವರಿಗೆ ಅಂಟಿದರೆ ಯಾವ ಆಟೋ ಕ್ಲೀನಿಗೂ ಬಿಡುವುದಿಲ್ಲ.

ನಿಮ್ಮ ಈಗಿನ ತೊಂದರೆಯ ಕಾರಣ ಬೇರೆ. ಚಿಮ್ನಿ ಗಂಟೆಗೆ ನಾನೂರು ಐನೂರು ಘನ ಮೀಟರ್ ಗಾಳಿ ಹೊರಗೆ ಹಾಕುವಾಗ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿದ್ದರೆ ಅದು ಸಿಕ್ಕಿದ ದಾರಿಯಿಂದ, ಅಂದರೆ ವರ್ಕ್ ಏರಿಯಾದ ಬಾಗಿಲಿನಿಂದ ನುಗ್ಗುತ್ತದೆ, ಜೊತೆಗೆ ಒಲೆಯ ಹೊಗೆಯನ್ನೂ ಎಳೆದು ತರುತ್ತದೆ. ಒಲೆಗೆ ಹೊಗೆಕೊಳವೆ ಇದ್ದರೆ ಅದರಲ್ಲಿ ಮೇಲೇರಬೇಕಾದ ಹೊಗೆ ಕೆಳಕ್ಕೆ ತಿರುಗುವುದೂ ಉಂಟು. ಕಣ್ಣಿಗೆ ಕಾಣುವ ಹೊಗೆಯಾದರೆ ನಾವು ಎದ್ದು ಏನಾದರೂ ಮಾಡುತ್ತೇವೆ. ಅಡುಗೆ ಮುಗಿದ ಮೇಲೆ ಉಳಿದ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಇದನ್ನು ಸಣ್ಣ ಕಿರಿಕಿರಿ ಅಂತ ಬಿಡಬೇಡಿ.

ಪರಿಹಾರ ಸುಲಭ. ಚಿಮ್ನಿ ಓಡುವಾಗ ವರ್ಕ್ ಏರಿಯಾದ ಬಾಗಿಲು ಮುಚ್ಚಿ, ಗ್ಯಾಸಿನ ಅಡುಗೆಮನೆಯ ಒಂದು ಕಿಟಕಿ ತೆರೆಯಿರಿ. ಸ್ಟವ್‌ನ ಪಕ್ಕದ ಕಿಟಕಿಯಲ್ಲ, ಎದುರು ಗೋಡೆಯದ್ದು. ಪಕ್ಕದ್ದನ್ನು ತೆರೆದರೆ ಗಾಳಿ ಬೀಸಿ ಹೊಗೆಯನ್ನು ಚಿಮ್ನಿಯಿಂದ ತಪ್ಪಿಸುತ್ತದೆ. ಸೀಲಿಂಗ್ ಫ್ಯಾನ್ ಮಾಡುವುದೂ ಅದನ್ನೇ. ಆಮೇಲೆ ಒಂದು ಊದುಬತ್ತಿ ಹಚ್ಚಿ, ಮುಚ್ಚಿದ ಬಾಗಿಲಿನ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ರಭಸದಿಂದ ಒಳಕ್ಕೆ ವಾಲಿದರೆ ಕಿಟಕಿ ಸಾಲದು, ಇನ್ನಷ್ಟು ತೆರೆಯಬೇಕು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರುವ ಮನೆಯವರೂ ಈ ಪರೀಕ್ಷೆ ಮಾಡಲೇಬೇಕು.

ಸೌದೆ ಒಲೆಗೆ ಹೊಗೆಕೊಳವೆಯಿರುವ ಒಲೆಯೇ ಮದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ, ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಪರಿಷತ್ ಅಡುಪ್ಪು ಎರಡೂ ಈ ದಾರಿಯವು. ಕೊಳವೆ ಮಾಡಿಗಿಂತ ಎರಡು ಮೂರು ಅಡಿ ಮೇಲೆ ಹೋಗಬೇಕು; ಸೂರಿನ ಕೆಳಗೇ ನಿಂತರೆ ಗಾಳಿ ಬೀಸಿದಾಗ ಹೊಗೆ ಹಿಂದಕ್ಕೆ ಬರುತ್ತದೆ. ಕೊಳವೆಯ ಮಸಿಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೆಗೆಯಿಸಿ.

ಪ್ರಶ್ನೆ: ಫ್ಲ್ಯಾಟಿನಲ್ಲಿ ಗೋಡೆ ಕೊರೆಯಲು ಬಿಡುವುದಿಲ್ಲ. ಪೈಪ್ ಇಲ್ಲದ ಚಿಮ್ನಿ ತೆಗೆದುಕೊಳ್ಳಬಹುದೇ?
— ಓದುಗರು, ಕಾಸರಗೋಡು ಪೇಟೆ

ಉತ್ತರ: ಅದು ಹೊಗೆಯನ್ನು ಎಳೆದು, ಎಣ್ಣೆಯನ್ನು ಫಿಲ್ಟರಿನಲ್ಲೂ ವಾಸನೆಯನ್ನು ಇದ್ದಿಲ ಫಿಲ್ಟರಿನಲ್ಲೂ ಹಿಡಿದು, ಉಳಿದ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಸೆಕೆ ಹೋಗುವುದಿಲ್ಲ, ಹಬೆ ಹೋಗುವುದಿಲ್ಲ, ಗ್ಯಾಸ್ ಉರಿದು ಬರುವ ಅನಿಲಗಳೂ ಹೋಗುವುದಿಲ್ಲ. ಇದ್ದಿಲ ಫಿಲ್ಟರನ್ನು ತೊಳೆದು ಬಳಸಲಾಗದು, ಮೂರರಿಂದ ಆರು ತಿಂಗಳಿಗೆ ಬದಲಿಸಬೇಕು. ನಮ್ಮ ಊರಿನ ಸೆಕೆಗೂ ಒಗ್ಗರಣೆಗೂ ಇದು ತಕ್ಕದ್ದಲ್ಲ ಅನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ.

ಗೋಡೆ ಕೊರೆಯದೆಯೂ ಒಂದು ದಾರಿಯಿದೆ. ಕಿಟಕಿಯ ಮೇಲಿನ ಗಾಜಿನ ಒಂದು ಅಂಕಣ ತೆಗೆದು, ಅಲ್ಲಿ ಅಲ್ಯೂಮಿನಿಯಂ ಹಲಗೆ ಕೂರಿಸಿ, ಅದರಲ್ಲಿ 6 ಇಂಚಿನ ಪೈಪ್ ಹಿಡಿಯುವಷ್ಟು ತೂತು ಮಾಡಿ ದಾಟಿಸಬಹುದು. ಮನೆ ಬಿಡುವಾಗ ಗಾಜು ಮತ್ತೆ ಹಾಕಿದರಾಯಿತು. ಪೈಪನ್ನು ಬಚ್ಚಲಿನ ಶಾಫ್ಟಿಗೆ ಬಿಡುವ ಯೋಚನೆ ಇದ್ದರೆ ಕೈಬಿಡಿ. ಮೇಲಿನ ಮನೆಯವರ ಬಚ್ಚಲಿಗೆ ನಿಮ್ಮ ಮೀನಿನ ಹೊಗೆ ಹೋಗುತ್ತದೆ.

ಪ್ರಶ್ನೆ: ಚಿಮ್ನಿ ಹಾಕಿಸಿ ಒಂದು ವರ್ಷ. ಮಳೆಗಾಲದಲ್ಲಿ ಪೈಪಿನಿಂದ ಸ್ಟವ್ ಮೇಲೆ ನೀರು ತೊಟ್ಟಿಕ್ಕುತ್ತದೆ. ಗಾಳಿ ಜೋರಾದರೆ ಚಿಮ್ನಿ ಹಾಕಿದರೂ ಹೊಗೆ ಹೋಗುವುದಿಲ್ಲ. ಪೈಪ್ ಪಶ್ಚಿಮದ ಗೋಡೆಯಲ್ಲಿದೆ.
— ಓದುಗರು, ಮಂಜೇಶ್ವರ

ಉತ್ತರ: ಎರಡೂ ತೊಂದರೆಗೆ ಕಾರಣ ಪಶ್ಚಿಮದ ಗೋಡೆ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಕಡೆಯಿಂದಲೇ ಬಡಿಯುತ್ತದೆ. ಪೈಪಿನ ಬಾಯಿ ಗಾಳಿಗೆ ಎದುರಾಗಿದ್ದರೆ ಮಳೆ ನೇರ ಒಳಕ್ಕೆ ನುಗ್ಗುತ್ತದೆ, ಫ್ಯಾನ್ ತಳ್ಳುವ ಗಾಳಿಗೂ ಎದುರು ಒತ್ತಡ ಸಿಗುತ್ತದೆ. ಹೊಸದಾಗಿ ಹಾಕಿಸುವವರು ಸಾಧ್ಯವಾದರೆ ಪೂರ್ವ ಅಥವಾ ಉತ್ತರದ ಗೋಡೆ ಆರಿಸಿಕೊಳ್ಳಿ.

ನೀವು ಗೋಡೆ ಬದಲಿಸಬೇಕಾಗಿಲ್ಲ. ಹೊರಗೆ ಏಣಿ ಇಟ್ಟು ನೋಡಿಸಿ: ಪೈಪ್ ಒಳಕ್ಕೆ ತಗ್ಗಿದೆಯೇ? ಹಾಗಿದ್ದರೆ ತಗ್ಗು ಹೊರಕ್ಕೆ ಬರುವಂತೆ ಮತ್ತೆ ಕೂರಿಸಬೇಕು. ಪೈಪಿನ ಮೇಲ್ಭಾಗದಲ್ಲಿ ಗೋಡೆಗೂ ಅದಕ್ಕೂ ನಡುವೆ ಬಿರುಕಿದ್ದರೆ ಸಿಲಿಕೋನ್ ಸೀಲೆಂಟ್ ತುಂಬಿಸಿ. ಎಷ್ಟೋ ಸಲ ನೀರು ಬರುವುದು ಪೈಪಿನೊಳಗಿಂದಲ್ಲ, ಈ ಬಿರುಕಿನಿಂದ ಇಳಿದು ಪೈಪಿನ ಹೊರಮೈ ಹಿಡಿದು. ಬಾಯಿಗೆ ನೆಲ ನೋಡುವ ಹಾಗೆ 6 ಇಂಚಿನ ಒಂದು ಎಲ್ಬೋ ಹಾಕಿ, ಅದರ ಮೇಲೆ ಒಂದೂವರೆ ಅಡಿ ಚಾಚುವ ತಗಡಿನ ಸಣ್ಣ ಮಾಡು ಇಳಿಸಿ. ಒಂದು ತಿರುವು ಹೆಚ್ಚಾಗುತ್ತದೆ ನಿಜ, ಪಶ್ಚಿಮದ ಮಳೆಗೆ ಈ ಬೆಲೆ ಕೊಡಲೇಬೇಕು.

ಒಳಕ್ಕೆ ಗಾಳಿ ಬಾರದಂತೆ ತಡೆಯುವ ಫ್ಲ್ಯಾಪ್ ಚಿಮ್ನಿಯ ನೆತ್ತಿಯಲ್ಲಿ, ಪೈಪ್ ಸೇರುವಲ್ಲಿ ಇರುತ್ತದೆ. ಎರಡು ಅರ್ಧಚಂದ್ರದ ಪ್ಲಾಸ್ಟಿಕ್ ರೆಕ್ಕೆಗಳು. ಪೈಪನ್ನು ಸ್ಕ್ರೂ ಹಾಕಿ ಬಿಗಿಯುವಾಗ ಸ್ಕ್ರೂ ಒಳಗೆ ಹೆಚ್ಚು ಚಾಚಿದರೆ ರೆಕ್ಕೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅದನ್ನೂ ನೋಡಿಸಿ. ಬಾಯಿಗೆ ಹಕ್ಕಿ, ಅಳಿಲು ಬಾರದಂತೆ ಬಲೆ ಹಾಕುವುದಾದರೆ ಅರ್ಧ ಇಂಚಿನ ಕಣ್ಣಿನದ್ದು ಹಾಕಿ. ಸೊಳ್ಳೆ ಬಲೆ ಹಾಕಿದರೆ ಕೆಲವೇ ತಿಂಗಳಲ್ಲಿ ಎಣ್ಣೆ, ಧೂಳು ಕೂತು ಮುಚ್ಚಿಹೋಗುತ್ತದೆ.

ಪ್ರಶ್ನೆ: ನಮ್ಮದು ಮರದ ಮುಚ್ಚಿಗೆ ಇರುವ ಹಳೆಯ ಹೆಂಚಿನ ಮನೆ. ಪೈಪನ್ನು ಮುಚ್ಚಿಗೆಯ ಮೇಲಕ್ಕೆ ಬಿಟ್ಟರೆ ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತದಲ್ಲ? ಅಥವಾ ಎಕ್ಸಾಸ್ಟ್ ಫ್ಯಾನ್ ಸಾಕೇ?
— ಓದುಗರು, ಪೆರ್ಲ

ಉತ್ತರ: ಹೊಗೆ ಹೋಗುತ್ತದೆ, ಎಣ್ಣೆ ಹೋಗುವುದಿಲ್ಲ. ಅದು ಪಕಾಸು, ರೀಪುಗಳ ಮೇಲೆ ಕೂರುತ್ತದೆ. ಒಣಗಿದ ಮರ, ಮೇಲೆ ಎಣ್ಣೆಯ ಪದರ, ಪಕ್ಕದಲ್ಲಿ ಹಳೆಯ ವಯರಿಂಗ್, ಇಲಿಗಳ ಓಡಾಟ. ಬೆಂಕಿಗೆ ಇಷ್ಟು ಸಾಕು. ಹಿಂದೆ ಸೌದೆ ಹೊಗೆ ತಾಗಿ ಮಾಡಿನ ಮರಕ್ಕೆ ಹುಳ ಹಿಡಿಯುತ್ತಿರಲಿಲ್ಲ ಅನ್ನುವುದು ಸರಿಯೇ, ಆದರೆ ಕರಿದ ಎಣ್ಣೆಯ ಹಬೆಯಿಂದ ಅಂಥ ಉಪಕಾರವಿಲ್ಲ. ಪೈಪನ್ನು ಮುಚ್ಚಿಗೆಯ ಕೆಳಗೇ ಗೋಡೆಯಿಂದ ಹೊರಗೆ ತೆಗೆಯಿರಿ, ಸೂರಿನ ಅಂಚು ದಾಟುವವರೆಗೆ ಚಾಚಿಸಿ.

ಕರಿಯುವುದು ಅಪರೂಪವಾಗಿದ್ದರೆ, ನಿಮ್ಮಂಥ ಮನೆಗೆ ಎಕ್ಸಾಸ್ಟ್ ಫ್ಯಾನ್ ಕೆಟ್ಟ ಆಯ್ಕೆಯಲ್ಲ. 9 ಇಂಚಿನದ್ದು, ಅಡುಗೆಮನೆ ದೊಡ್ಡದಿದ್ದರೆ 12 ಇಂಚಿನದ್ದು, ಸ್ಟವ್‌ಗೆ ಆದಷ್ಟು ಹತ್ತಿರದ ಗೋಡೆಯಲ್ಲಿ ಎತ್ತರಕ್ಕೆ ಕೂರಿಸಿ. ಅದು ಇಡೀ ಕೋಣೆಯ ಗಾಳಿ ಬದಲಿಸುತ್ತದೆ, ಹೊಗೆಯನ್ನು ಬಾಣಲೆಯ ಮೇಲೆಯೇ ಹಿಡಿಯುವುದಿಲ್ಲ. ಹಾಗಾಗಿ ಗೋಡೆಗೆ ಜಿಡ್ಡು ಹತ್ತುವುದು ತಪ್ಪದು. ಆ ಫ್ಯಾನಿಗೆ ಉದ್ದದ ಪೈಪ್ ಜೋಡಿಸಬೇಡಿ, ತಳ್ಳುವ ಬಲ ಅದಕ್ಕಿಲ್ಲ. ಮುಂದೆ ಚಿಮ್ನಿ ಹಾಕಿಸಿದರೆ ಫ್ಯಾನಿನ ತೂತನ್ನು ಮುಚ್ಚಿಬಿಡಿ, ಇಲ್ಲದಿದ್ದರೆ ಚಿಮ್ನಿ ಒಲೆಯ ಹೊಗೆ ಬಿಟ್ಟು ಆ ತೂತಿನಿಂದ ಹೊರಗಿನ ಗಾಳಿಯನ್ನೇ ಎಳೆಯುತ್ತದೆ.

ಪ್ರಶ್ನೆ: ಕರೆಂಟ್ ಬಿಲ್ ಎಷ್ಟು ಬಂದೀತು? ಇನ್ವರ್ಟರಿಗೆ ಜೋಡಿಸಬಹುದೇ?
— ಓದುಗರು, ಉಪ್ಪಳ

ಉತ್ತರ: 180 ವಾಟಿನ ಮೋಟಾರ್ ದಿನಕ್ಕೆ ಒಂದೂವರೆ ಗಂಟೆ ಓಡಿದರೆ ತಿಂಗಳಿಗೆ ಸುಮಾರು 8 ಯೂನಿಟ್. ಬಿಎಲ್‌ಡಿಸಿ (ಕಡಿಮೆ ಕರೆಂಟಿನಲ್ಲಿ ಓಡುವ, ಬ್ರಷ್ ಇಲ್ಲದ) ಮೋಟಾರಿನದ್ದಾದರೆ ಇನ್ನೂ ಕಡಿಮೆ. ಸೈನ್ ವೇವ್ ಇನ್ವರ್ಟರಾದರೆ ಜೋಡಿಸಬಹುದು. ಸ್ಕ್ವೇರ್ ವೇವ್‌ನಲ್ಲಿ ಮೋಟಾರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಆಟೋ ಕ್ಲೀನನ್ನು ಮಾತ್ರ ಇನ್ವರ್ಟರಿನಲ್ಲಿ ಹಾಕಬೇಡಿ. ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಬೇಕು, ಅದರ ಸ್ವಿಚ್ಚು ಕೈಗೆ ಸಿಗುವಲ್ಲಿರಲಿ. ಗುಡುಗು ಸಿಡಿಲಿನ ಹೊತ್ತಿಗೆ ಪ್ಲಗ್ ತೆಗೆದಿಡಿ. ಟಚ್ ಪ್ಯಾನೆಲ್ಲಿನ ಬೋರ್ಡು ಮೊದಲು ಸುಡುವುದು ಆಗಲೇ.

ಪ್ರಶ್ನೆ: ಗ್ಯಾಸ್ ಸೋರಿದ ವಾಸನೆ ಬಂದರೆ ಚಿಮ್ನಿ ಹಾಕಿ ಹೊರಗೆ ಕಳಿಸಬಹುದಲ್ಲವೇ?
— ಓದುಗರು, ನೀರ್ಚಾಲು

ಉತ್ತರ: ಖಂಡಿತ ಹಾಕಬೇಡಿ. ಸ್ವಿಚ್ಚಿನ ಒಂದು ಕಿಡಿ ಸಾಕು. ಹಾಕುವುದೂ ಬೇಡ, ಓಡುತ್ತಿದ್ದರೆ ಆರಿಸುವುದೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಮೇಲಿರುವ ಚಿಮ್ನಿಗೆ ಅದು ಸಿಗುವುದೇ ಇಲ್ಲ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ಮಾತ್ರ ಬೇರೆ ಕ್ರಮ: ಗ್ಯಾಸ್ ಆರಿಸಿ, ಚಿಮ್ನಿಯನ್ನೂ ಆರಿಸಿ, ಬಾಣಲೆಗೆ ಮುಚ್ಚಳ ಮುಚ್ಚಿ. ನೀರು ಹಾಕಬಾರದು.

ಪ್ರಶ್ನೆ: ಎರಡು ವರ್ಷದ ಚಿಮ್ನಿ. ಈಗೀಗ ಸದ್ದು ಜಾಸ್ತಿ, ಎಳೆತ ಕಡಿಮೆ. ಆಟೋ ಕ್ಲೀನ್ ತಪ್ಪದೆ ಒತ್ತುತ್ತೇವೆ. ಸರ್ವಿಸಿನವರು ಮೋಟಾರ್ ಬದಲಿಸಬೇಕು ಅನ್ನುತ್ತಾರೆ.
— ಓದುಗರು, ಹೊಸಂಗಡಿ

ಉತ್ತರ: ಮೋಟಾರಿಗೆ ದುಡ್ಡು ಕೊಡುವ ಮೊದಲು ನೀವೇ ನೋಡಬಹುದಾದ ಕೆಲವು ಇವೆ. ಕಿಟಕಿ ತೆರೆದು, ಚಿಮ್ನಿಯನ್ನು ಜೋರಿನಲ್ಲಿ ಹಾಕಿ, ಪತ್ರಿಕೆಯ ಒಂದು ಹಾಳೆಯನ್ನು ಫಿಲ್ಟರಿಗೆ ಹಿಡಿದು ಕೈಬಿಡಿ. ನಿಂತರೆ ಎಳೆತ ಇದೆ. ಬಿದ್ದರೆ ಸ್ವಿಚ್ಚು ಆರಿಸಿ, ಫಿಲ್ಟರ್ ತೆಗೆದು ಬದಿಗಿಟ್ಟು, ಚಿಮ್ನಿಯ ಸ್ವಿಚ್ಚು ಮತ್ತೆ ಹಾಕಿ ಗಾಳಿಯ ರಭಸ ನೋಡಿ. ತಿರುಗುವ ಬ್ಲೋವರಿನ ಹತ್ತಿರ ಕೈ, ಸೆರಗು, ಕಾಗದ ಒಯ್ಯಬೇಡಿ. ಈಗ ರಭಸ ಬಂತು ಅಂದರೆ ತಪ್ಪು ಫಿಲ್ಟರಿನದ್ದು.

ಬರಲಿಲ್ಲವಾದರೆ ಪ್ಲಗ್ ತೆಗೆದು, ಮೇಲಿನ ಪೈಪನ್ನು ಚಿಮ್ನಿಯಿಂದ ಬಿಡಿಸಿ, ಮತ್ತೆ ಪ್ಲಗ್ ಹಾಕಿ ಎರಡು ನಿಮಿಷ ಹಾಗೆಯೇ ಓಡಿಸಿ. ಸದ್ದು ಇಳಿದು ಗಾಳಿ ಜೋರಾಗಿ ಮೇಲಕ್ಕೆ ಬಂದರೆ ಮೋಟಾರಿಗೆ ಏನೂ ಆಗಿಲ್ಲ. ಪೈಪಿನಲ್ಲೋ ಫ್ಲ್ಯಾಪಿನಲ್ಲೋ ಹೊರಗಿನ ಬಲೆಯಲ್ಲೋ ತಡೆಯಿದೆ. ಮಡಿಕೆ ಮಡಿಕೆಯ ಅಲ್ಯೂಮಿನಿಯಂ ಪೈಪ್ ಹಾಕಿದ್ದರೆ ಅದನ್ನು ಪೂರ್ತಿ ಎಳೆದು ನೇರ ಮಾಡದೆ, ಹೆಚ್ಚಿನ ಉದ್ದವನ್ನು ಚಿಮ್ನಿಯ ಹೊದಿಕೆಯೊಳಗೆ ಸುರುಳಿ ಮಾಡಿ ತುರುಕಿರುವುದು ತೀರ ಸಾಮಾನ್ಯ. ಜೋತುಬಿದ್ದ ಮಡಿಕೆಯಲ್ಲಿ ಎಣ್ಣೆ ನಿಲ್ಲುತ್ತದೆ. ಅದನ್ನು ತೆಗೆದು ಬೇಕಾದಷ್ಟೇ ಉದ್ದದ, ಒಳಮೈ ನುಣುಪಾದ ಗಟ್ಟಿ ಪೈಪ್ ಹಾಕಿಸಿ.

ಪೈಪ್ ಬಿಡಿಸಿದರೂ ಎಳೆತ ಇಲ್ಲ, ಬ್ಲೋವರ್ ನಿಧಾನವಾಗಿ ಏಳುತ್ತದೆ ಅಂದರೆ ಮೋಟಾರ್ ತಿರುಗಲು ನೆರವಾಗುವ ಕಪಾಸಿಟರ್ ಸೋತಿರಬಹುದು. ಮೋಟಾರಿಗೆ ಹೋಲಿಸಿದರೆ ಅದು ಬಹಳ ಅಗ್ಗದ ಭಾಗ, ಮೊದಲು ಅದನ್ನು ಬದಲಿಸಿ ನೋಡಲು ಹೇಳಿ. ವೇಗ ಸರಿಯಿದ್ದು ಇಡೀ ಚಿಮ್ನಿ ನಡುಗುತ್ತಿದ್ದರೆ ಬ್ಲೋವರಿನ ಒಂದು ಬದಿಗೆ ಜಿಡ್ಡು ಹೆಚ್ಚು ಕೂತು ತೂಕ ತಪ್ಪಿದೆ, ಬಿಚ್ಚಿ ತೊಳೆಯಿಸಬೇಕು. ಕರಕರ ಅಂತ ಲೋಹದ ಸದ್ದು ಬಂದರೆ, ಅಥವಾ ಕರೆಂಟು ಆರಿಸಿ ಕೈಯಲ್ಲಿ ತಿರುಗಿಸಿದಾಗ ಬ್ಲೋವರ್ ಬಿಗಿಯಾಗಿದ್ದರೆ ಮಾತ್ರ ಬೇರಿಂಗ್ ಹೋಗಿದೆ, ಆಗ ಸರ್ವಿಸಿನವರು ಹೇಳಿದ್ದು ಸರಿ. ಅದಕ್ಕೂ ಮುಂಚೆ ವಾರಂಟಿ ಕಾರ್ಡ್ ತೆಗೆದು ನೋಡಿ. ಮೋಟಾರಿಗೆ ಉಳಿದ ಭಾಗಗಳಿಗಿಂತ ಹೆಚ್ಚು ವರ್ಷ ವಾರಂಟಿ ಕೊಟ್ಟಿರುವ ಕಂಪೆನಿಗಳು ಬಹಳ ಇವೆ.